ತಪಾಸಣೆಯ ವರದಿ ಆಸ್ಪತ್ರೆಯ ಬಾಗಿಲಿಗೆ ಬರಲಿ

ಹುಬ್ಬಳ್ಳಿ-ಧಾರವಾಡ ರಸ್ತೆಯ ಸತ್ತೂರಿನಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿದೆ. ಕಲಘಟಗಿ, ಅಳ್ನಾವರ, ನವಲಗುಂದ, ಕುಂದಗೋಳದ ಕಡೆಯಿಂದ ಅಂಬ್ಯುಲೆನ್ಸುಗಳು ಇಲ್ಲಿಗೋ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೋ ಧಾವಿಸುತ್ತವೆ. ಅವುಗಳಲ್ಲಿ ಮಲಗಿರುವ ಅನೇಕರು ಅದಕ್ಕೂ ಮೊದಲು ಬೇರೊಂದು ಬಾಗಿಲು ತಟ್ಟಿ ಬಂದವರು. ಅದು ತಮ್ಮ ಊರಿನ ಅಥವಾ ಪಕ್ಕದ ಊರಿನ ಹತ್ತು ಹಾಸಿಗೆಯ ಸಣ್ಣ ಆಸ್ಪತ್ರೆಯ ಬಾಗಿಲು. ನಮ್ಮ ಹೆಣ್ಣುಮಕ್ಕಳ ಹೆರಿಗೆ, ಮಕ್ಕಳ ಜ್ವರ, ವೃದ್ಧರ ಎದೆನೋವು ಮೊದಲು ತಲುಪುವುದು ಅಲ್ಲಿಗೇ. ದೊಡ್ಡ ಆಸ್ಪತ್ರೆಯಲ್ಲಿ ಸಣ್ಣ ತಪ್ಪಾದರೂ ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ನಡೆಯುವುದನ್ನು ಕೇಳುವವರು ಯಾರು?

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಲ್ಲೇ ಬಂದಿದೆ. ನೋಂದಣಿಯಿಲ್ಲದೆ ಯಾವ ಖಾಸಗಿ ಆಸ್ಪತ್ರೆಯೂ ನಡೆಯುವಂತಿಲ್ಲ. ಚಿಕಿತ್ಸೆಯ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಪ್ರದರ್ಶಿಸಲೇಬೇಕು. 2017ರ ತಿದ್ದುಪಡಿಯು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವನ್ನು ಜಿಲ್ಲೆಗೊಂದರಂತೆ ಕೊಟ್ಟಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಎಂದು ತ್ಯಾಜ್ಯವನ್ನು ವಿಂಗಡಿಸಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು. ಬೆಂಕಿಯಿಂದ ರಕ್ಷಣೆಗೆ ಬೇರೆ ನಿಯಮ, ಸ್ಕ್ಯಾನಿಂಗ್ ಯಂತ್ರಕ್ಕೆ ಬೇರೆ ನಿಯಮ. ಇಷ್ಟೆಲ್ಲ ಇದ್ದೂ ರೋಗಿಯ ಪಾಲಿಗೆ ಇವು ಇಲ್ಲದಂತೆಯೇ ಇವೆ. ಏಕೆ?

ತಪಾಸಣೆ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರಿಗೆ ಉತ್ತರವೂ ಗೊತ್ತಿದೆ. ಅಧಿಕಾರಿಗಳು ಬರುವ ದಿನ ಮೊದಲೇ ತಿಳಿಯುತ್ತದೆ. ಹಿಂದಿನ ದಿನ ನೆಲ ತೊಳೆಯಲಾಗುತ್ತದೆ, ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಬಣ್ಣದ ಬುಟ್ಟಿಗಳು ಸಾಲಾಗಿ ನಿಲ್ಲುತ್ತವೆ, ಬೆಂಕಿ ನಂದಿಸುವ ಸಿಲಿಂಡರಿಗೆ ಹೊಸ ಚೀಟಿ ಅಂಟುತ್ತದೆ. ಫೈಲಿನಲ್ಲಿ ಹೆಸರಿರುವ ತರಬೇತಿ ಪಡೆದ ಸಿಸ್ಟರ್ ಆ ಒಂದು ದಿನ ಹಾಜರಿರುತ್ತಾರೆ. ಅಧಿಕಾರಿಗಳು ಕಾಗದ ನೋಡುತ್ತಾರೆ, ಸಹಿ ಹಾಕುತ್ತಾರೆ, ಹೊರಡುತ್ತಾರೆ. ಹಾಸಿಗೆಯಲ್ಲಿ ಮಲಗಿದ ರೋಗಿಯನ್ನು ಮಾತನಾಡಿಸಿದವರಿಲ್ಲ. ರಾತ್ರಿ ಎರಡು ಗಂಟೆಗೆ ಹೆರಿಗೆ ಕೋಣೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದವರೂ ಇಲ್ಲ. ಎಲ್ಲ ಕಡೆಯೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕ ವೈದ್ಯರೂ ಅಧಿಕಾರಿಗಳೂ ಇದ್ದಾರೆ. ಆದರೆ ಯಾವುದು ಪ್ರಾಮಾಣಿಕ ತಪಾಸಣೆ, ಯಾವುದು ನಾಟಕ ಎಂದು ತಿಳಿಯುವ ದಾರಿಯೇ ಜನರಿಗಿಲ್ಲ. ವರದಿ ಕಚೇರಿಯ ಕಪಾಟಿನಲ್ಲಿರುತ್ತದೆ, ರೋಗಿ ಕತ್ತಲಲ್ಲಿರುತ್ತಾನೆ.

ಈ ಕತ್ತಲೆಯ ಬೆಲೆ ಎಷ್ಟು? 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿ ಸುಮಾರು 90 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಸಂಗ್ರಹಿಸಿದ್ದ ಸಾಮಗ್ರಿಗಳನ್ನು ತೆರವುಗೊಳಿಸುವಂತೆ ಅಗ್ನಿಶಾಮಕ ಇಲಾಖೆ ತಿಂಗಳುಗಳ ಮೊದಲೇ ಸೂಚಿಸಿತ್ತು. ಲೋಪವು ಇಲಾಖೆಗೆ ಗೊತ್ತಿತ್ತು, ಆಡಳಿತಕ್ಕೂ ಗೊತ್ತಿತ್ತು; ಮೇಲಿನ ಮಹಡಿಗಳಲ್ಲಿ ಮಲಗಿದ್ದ ರೋಗಿಗಳಿಗೆ ಮಾತ್ರ ಗೊತ್ತಿರಲಿಲ್ಲ. ದೆಹಲಿಯ ವಿವೇಕ್ ವಿಹಾರದಲ್ಲಿದ್ದ ಶಿಶುಗಳ ಆಸ್ಪತ್ರೆ ತೀರಾ ಸಣ್ಣದು. 2024ರ ಮೇ 25ರ ರಾತ್ರಿ ಅಲ್ಲಿ ಬೆಂಕಿ ಬಿದ್ದು ನವಜಾತ ಶಿಶುಗಳು ಸತ್ತವು. ಅದರ ಪರವಾನಗಿ ಮಾರ್ಚ್ 31ಕ್ಕೇ ಮುಗಿದಿತ್ತು. ಐದು ಹಾಸಿಗೆಗೆ ಅನುಮತಿಯಿದ್ದಲ್ಲಿ ಅದಕ್ಕಿಂತ ಹೆಚ್ಚು ಶಿಶುಗಳನ್ನು ಇರಿಸಲಾಗಿತ್ತು. ಈ ಎರಡೇ ಸಂಗತಿಗಳನ್ನು ಬಾಗಿಲಿನ ಫಲಕದಲ್ಲಿ ಬರೆದಿದ್ದರೆ ಯಾವ ತಾಯಿ ತನ್ನ ಮಗುವನ್ನು ಒಳಗೆ ಬಿಟ್ಟು ಬರುತ್ತಿದ್ದಳು?

ದೂರದ ಊರುಗಳ ಮಾತು ಬಿಡೋಣ. ನಮ್ಮದೇ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟರು. ಅವರಿಗೆ ನೀಡಿದ್ದ ಐ.ವಿ. ದ್ರಾವಣದ ಮೇಲೆ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು, ಹೇಳಿಕೆಗಳ ಮೇಲೆ ಹೇಳಿಕೆಗಳು ಬಂದವು. ತಾಯಂದಿರು ಸತ್ತ ಮೇಲೆ ಎಚ್ಚೆತ್ತುಕೊಳ್ಳುವ ವ್ಯವಸ್ಥೆಯನ್ನು ತಪಾಸಣೆ ಎಂದು ಕರೆಯಬಹುದೇ? ಖಾಸಗಿಯವರತ್ತ ಮಾತ್ರ ಬೆರಳು ತೋರಿಸುವವರು ಇದನ್ನು ಮರೆಯಬಾರದು.

2017ರ ನವೆಂಬರಿನಲ್ಲಿ ತಿದ್ದುಪಡಿಯನ್ನು ವಿರೋಧಿಸಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಸೇವೆ ನಿಲ್ಲಿಸಿದಾಗ, ಸರ್ಕಾರಿ ಆಸ್ಪತ್ರೆಗಳನ್ನು ಏಕೆ ಈ ಕಾಯಿದೆಯ ಹೊರಗಿಟ್ಟಿರಿ ಎಂದು ಕೇಳಿದ್ದರು. ರೋಗಿಗಳನ್ನು ನಡುನೀರಿನಲ್ಲಿ ಬಿಟ್ಟ ಆ ಮುಷ್ಕರವನ್ನು ನಾವು ಸಮರ್ಥಿಸಲಾರೆವು. ಆದರೆ ಆ ಪ್ರಶ್ನೆ ನ್ಯಾಯವಾದದ್ದು. ಅವರ ಇನ್ನೊಂದು ಅಳಲೂ ಪೂರ್ತಿ ಸುಳ್ಳಲ್ಲ. ನೂರಾರು ಹಾಸಿಗೆಯ ಆಸ್ಪತ್ರೆಗೆ ಕಾಗದಪತ್ರ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಹಳ್ಳಿಯ ವೈದ್ಯರು ರೋಗಿಯನ್ನೂ ನೋಡಿ ಐದಾರು ಇಲಾಖೆಗಳಿಗೂ ಅಲೆಯಬೇಕು. ಬಾಗಿಲು ಮುಚ್ಚಿದರೆ ಊರಿಗೆ ಇದ್ದ ಒಬ್ಬ ವೈದ್ಯರೂ ಇಲ್ಲವಾಗುತ್ತಾರೆ. ಹಾಗಾದರೆ ಪರಿಹಾರವೇನು? ಅರ್ಜಿಗಳನ್ನು ಕಡಿಮೆ ಮಾಡಿರಿ, ಲೋಪ ಸರಿಪಡಿಸಲು ನ್ಯಾಯವಾದ ಕಾಲಾವಕಾಶ ಕೊಡಿರಿ, ನೆರವನ್ನೂ ನೀಡಿರಿ. ಆದರೆ ಲೋಪವನ್ನು ಜನರಿಂದ ಮುಚ್ಚಿಡಬೇಡಿರಿ. ಸಣ್ಣ ಆಸ್ಪತ್ರೆ ಎಂಬ ಕಾರಣಕ್ಕೆ ಬಡವರ ಪ್ರಾಣ ಅಗ್ಗವಾಗಬಾರದು.

ಈ ಚಿಂತನೆ ಹೊಸತೇನಲ್ಲ. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ವೈದ್ಯನೊಬ್ಬನ ತಪ್ಪಿನಿಂದ ಬಗ್ದಾದಿನ ಒಬ್ಬ ಸಾಮಾನ್ಯ ರೋಗಿ ಸತ್ತ ಸುದ್ದಿ ಖಲೀಫಾ ಅಲ್ ಮುಕ್ತದಿರ್‌ಗೆ ತಲುಪಿತು. ಸಿನಾನ್ ಬಿನ್ ಸಾಬಿತ್ ಪರೀಕ್ಷಿಸಿ ಪ್ರಮಾಣಪತ್ರ ಕೊಡದೆ ಯಾರೂ ಚಿಕಿತ್ಸೆ ನೀಡಕೂಡದೆಂದು ಅವನು ಆಜ್ಞಾಪಿಸಿದ. ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಹಾಜರಾದರೆಂದೂ, ಯಾರು ಯಾವುದಕ್ಕೆ ಅರ್ಹರೋ ಅಷ್ಟಕ್ಕೆ ಮಾತ್ರ ಅವರಿಗೆ ಅನುಮತಿ ಸಿಕ್ಕಿತೆಂದೂ ಇತಿಹಾಸಕಾರರು ದಾಖಲಿಸಿದ್ದಾರೆ. ಒಬ್ಬ ಅನಾಮಿಕನ ಸಾವು ಇಡೀ ನಗರದ ವೈದ್ಯರ ಪರೀಕ್ಷೆಗೆ ಕಾರಣವಾಯಿತು. ಭಾಷಣಗಳಲ್ಲಿ ಬಗ್ದಾದಿನ ವೈಭವವನ್ನು ಕೊಂಡಾಡುವ ನಾವು ಈ ಪಾಠವನ್ನು ಎಷ್ಟರ ಮಟ್ಟಿಗೆ ಪಾಲಿಸಿದ್ದೇವೆ?

ಏಕೆಂದರೆ ಸಮುದಾಯದ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ನಾವು ನೋಂದಣಿ ಸಂಖ್ಯೆಯನ್ನು ಎಲ್ಲಿ ಬರೆಸಿದ್ದೇವೆ? 'ಸೇವೆಯ ಉದ್ದೇಶದಿಂದ ನಡೆಸುತ್ತಿದ್ದೇವೆ, ನಮ್ಮನ್ನು ಪ್ರಶ್ನಿಸಬೇಡಿರಿ' ಎಂಬ ಮಾತು ಎಷ್ಟು ಬಾರಿ ಕೇಳಿಬಂದಿಲ್ಲ? ಸದುದ್ದೇಶವು ಬೆಂಕಿಯನ್ನು ನಂದಿಸುವುದಿಲ್ಲ, ನಂಜನ್ನು ತಡೆಯುವುದಿಲ್ಲ. ಜನರು ನಂಬಿ ಒಪ್ಪಿಸಿದ ಪ್ರಾಣವೂ ಹಣವೂ ಅಮಾನತ್ತು. ಅದರ ಲೆಕ್ಕ ಕೇಳುವವನನ್ನು ಶತ್ರುವಿನಂತೆ ಕಾಣುವುದು ಸಲ್ಲದು.

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಸರ್ಕಾರಿಯಿರಲಿ, ಖಾಸಗಿಯಿರಲಿ, ಧರ್ಮಾರ್ಥವಿರಲಿ, ಪ್ರತಿ ಆಸ್ಪತ್ರೆಯ ಕೊನೆಯ ತಪಾಸಣೆಯ ದಿನಾಂಕ, ಕಂಡುಬಂದ ಲೋಪ, ಸರಿಪಡಿಸಬೇಕಾದ ಗಡುವು, ಇಷ್ಟನ್ನು ಸರಳ ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಮುಖ್ಯ ಬಾಗಿಲಿನಲ್ಲೇ ಅಂಟಿಸಲಿ. ದರಪಟ್ಟಿ ತೂಗುಹಾಕಬಹುದಾದ ಗೋಡೆಯಲ್ಲಿ ಇನ್ನೊಂದು ಹಾಳೆಗೆ ಜಾಗವಿಲ್ಲವೇ? ಇದಕ್ಕೆ ಹೊಸ ಕಟ್ಟಡವೂ ಬೇಡ, ಕೋಟಿಗಳ ಯೋಜನೆಯೂ ಬೇಡ. ತಪಾಸಣೆ ಮುನ್ಸೂಚನೆಯಿಲ್ಲದೆ, ರಾತ್ರಿಯ ಪಾಳಿಯಲ್ಲೂ ನಡೆಯಲಿ.

ಅದು ಆಗುವ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ಹೆರಿಗೆಗೆ ಮಗಳನ್ನು ಸೇರಿಸುವ ಮುನ್ನ ನೋಂದಣಿ ಪತ್ರ ಎಲ್ಲಿದೆ ಎಂದು ಕೇಳೋಣ. ರಾತ್ರಿ ವೈದ್ಯರು ಇರುತ್ತಾರೆಯೇ, ಬೆಂಕಿ ಬಿದ್ದರೆ ಹೊರಬರಲು ಎರಡನೆಯ ದಾರಿ ಯಾವುದು ಎಂದು ವಿಚಾರಿಸೋಣ. ಉತ್ತರ ಸಿಗದಿದ್ದರೆ ಖಾಸಗಿ ಆಸ್ಪತ್ರೆಯ ಬಗ್ಗೆ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡೋಣ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಇಲಾಖೆಯಿಂದ ತಪಾಸಣೆಯ ವರದಿ ಕೇಳೋಣ. ಮಗಳ ಮದುವೆಗೆ ಸಭಾಂಗಣ ಗೊತ್ತುಮಾಡುವಾಗ ನಾಲ್ಕು ಬಾರಿ ಹೋಗಿ ನೋಡಿಬರುವ ನಾವು, ಅದೇ ಮಗಳ ಹೆರಿಗೆಗೆ ಆಸ್ಪತ್ರೆ ಗೊತ್ತುಮಾಡುವಾಗ ಒಮ್ಮೆಯಾದರೂ ಕಣ್ಣು ತೆರೆದು ನೋಡಬಾರದೇ?