ನೊರೆ ಮೂತ್ರಕ್ಕೆ ಎಳನೀರು ಮದ್ದಲ್ಲ

ಕಾಲು ಬಾತರೆ ‘ನಂಜು’, ಮೂತ್ರ ಕೆಂಪಾದರೆ ‘ಉಷ್ಣ’. ಪುತ್ತೂರು, ಸುಳ್ಯ, ಕಡಬದ ಕಡೆ ಎಷ್ಟೋ ಕಾಯಿಲೆಗಳು ಈ ಎರಡು ಮಾತುಗಳ ಹಿಂದೆ ಅಡಗಿರುತ್ತವೆ. ನಂಜಿಗೆ ಪಥ್ಯ, ಉಷ್ಣಕ್ಕೆ ಎಳನೀರು ಎಂದು ಮನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಹೀಗೆ ಮರೆಯಾಗುವ ಕಾಯಿಲೆಗಳಲ್ಲೊಂದು ಮೂತ್ರಪಿಂಡದ ಜರಡಿಗಳ ಉರಿಯೂತ. ವೈದ್ಯರು ಇದನ್ನು ಗ್ಲೊಮೆರುಲೊನೆಫ್ರೈಟಿಸ್ ಎನ್ನುತ್ತಾರೆ.

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದದ್ದು ರಕ್ತಕ್ಕೇ ಮರಳುತ್ತದೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಕೆಲವೊಮ್ಮೆ ಈ ಜರಡಿಗಳ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಗ ಪ್ರೊಟೀನ್, ರಕ್ತಕಣಗಳು ಮೂತ್ರದಲ್ಲಿ ಸೋರತೊಡಗುತ್ತವೆ.

ಇದರಲ್ಲಿ ಹಲವು ಬಗೆ. ಗಂಟಲು ನೋವು ಬಂದ ಒಂದೆರಡು ದಿನಗಳಲ್ಲೇ ಮೂತ್ರ ಕರಿಚಹಾದ ಬಣ್ಣ ತಾಳಿದರೆ ಐಜಿಎ ನೆಫ್ರೋಪತಿ ಇರಬಹುದು. ಮಕ್ಕಳಲ್ಲಿ ಗಂಟಲಿನ ಸೋಂಕು ಅಥವಾ ಕಜ್ಜಿಯಾಗಿ ಒಂದರಿಂದ ಆರು ವಾರಗಳ ಬಳಿಕ ಮುಖ ಬಾತು, ಮೂತ್ರ ಕಡಿಮೆಯಾಗುವುದುಂಟು. ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಆದರೆ ರಕ್ತದೊತ್ತಡದ ಮೇಲೆ ಕಣ್ಣಿಡಲೇಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಮೋಸ ಮಾಡುವುದು ಲೂಪಸ್. ಇದು ಮುಖ್ಯವಾಗಿ ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳ ಕಾಯಿಲೆ. ಬಿಟ್ಟುಬಿಟ್ಟು ಜ್ವರ, ಗಂಟುನೋವು, ಬಾಯಿಹುಣ್ಣು, ಕೂದಲು ಉದುರುವುದು, ಬಿಸಿಲಿಗೆ ಕೆನ್ನೆ ಕೆಂಪೇರುವುದು ಇದರ ಲಕ್ಷಣಗಳು. 2008ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕುನ್‌ಗುನ್ಯಾ ಹಬ್ಬಿದ ಮೇಲೆ ಗಂಟುನೋವೆಂದರೆ ಅದರದ್ದೇ ಉಳಿಕೆ ಎನ್ನುವ ಅಭ್ಯಾಸ ಬೆಳೆಯಿತು. ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಒಳಗೊಳಗೇ ಸೊರಗುತ್ತಿರುವ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಅದೇ ಅಪಾಯ. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಬಹಳಷ್ಟು ಜರಡಿಗಳು ಹಾಳಾಗಿರಬಹುದು. ಆದರೆ ಮೂತ್ರದಲ್ಲಿ ಪ್ರೊಟೀನ್, ರಕ್ತ ಅದಕ್ಕೂ ಮೊದಲೇ ಕಾಣಿಸಿಕೊಳ್ಳುತ್ತವೆ. ಪರೀಕ್ಷೆ ಅಗ್ಗದ್ದು, ಕೆಲವೇ ನಿಮಿಷದ್ದು.

ಡಯಾಲಿಸಿಸ್‌ಗೆ ನೆರವು ಬೇಕೆಂದರೆ ನಮ್ಮೂರ ಜನ ಕೈಬಿಚ್ಚಿ ಕೊಡುತ್ತಾರೆ. ಇದು ಮೆಚ್ಚತಕ್ಕದ್ದೇ. ಆದರೆ ಆ ಸ್ಥಿತಿ ಬಾರದಂತೆ ತಡೆಯುವ ಮೂತ್ರ ಪರೀಕ್ಷೆಗೇಕೆ ಸಂಕೋಚ? ಸಂಘಸಂಸ್ಥೆಗಳು ನಡೆಸುವ ಪ್ರತಿ ಆರೋಗ್ಯ ಶಿಬಿರದಲ್ಲೂ ರಕ್ತದೊತ್ತಡದ ಜೊತೆಗೆ ಮೂತ್ರ ಪರೀಕ್ಷೆಯೂ ನಡೆಯಬೇಕೆಂಬುದು ನನ್ನ ಒತ್ತಾಯ. ವಾರಗಟ್ಟಲೆ ಗಂಟುನೋವೆನ್ನುವ ಯುವತಿಗೂ ಮುಖ ಬಾತ ಮಗುವಿಗೂ ವೈದ್ಯರು ಹೇಳದಿದ್ದರೆ ನೀವೇ ಕೇಳಿ ಮಾಡಿಸಿ.

ಮೂತ್ರಪಿಂಡದ ತಜ್ಞರು ಬಯಾಪ್ಸಿ ಎಂದರೆ ಹೆದರಿ ಮನೆಗೆ ಬರಬೇಡಿ. ಸೂಜಿಯಿಂದ ನೂಲಿನೆಳೆಯಷ್ಟು ತುಣುಕು ತೆಗೆಯುತ್ತಾರೆ. ರಕ್ತಸ್ರಾವದ ಸಂಭವ ಇರುವುದರಿಂದ ಆಸ್ಪತ್ರೆಯಲ್ಲಿ ನಿಗಾ ಇಡುತ್ತಾರೆ. ಯಾವ ಬಗೆಯ ಉರಿಯೂತ, ಯಾವ ಔಷಧ ಎಂಬುದು ಹೆಚ್ಚಾಗಿ ಅದರಿಂದಲೇ ನಿರ್ಧಾರವಾಗುತ್ತದೆ. ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರೆ ‘ಮುಖ ದಪ್ಪವಾಯಿತು’ ಎಂದು ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಆದ್ದರಿಂದ ಮೂತ್ರ ಕೆಂಪಾದರೆ, ನೊರೆ ನಿಲ್ಲದಿದ್ದರೆ ಮೊದಲು ಪರೀಕ್ಷೆ, ಎಳನೀರು ಆಮೇಲೆ.