ಕೆಟ್ಟ ಮೊಟ್ಟೆ ಮತ್ತು ಕಾರ್ಬನ್ ಪ್ರತಿ

"ಅಣ್ಣಾ, ಈ ಮೊಟ್ಟಿ ಒಡೀಬೇಕಂದ್ರ ಎಷ್ಟು ಹೆಜ್ಜಿ ನಡೀಬೇಕ್ರಿ?"

ತಳಕಲ್‌ನಿಂದ ಕುಷ್ಟಗಿ ಕಡೆಗೆ ಹೋಗುವ ರೈಲಿನಲ್ಲಿ ಪಕ್ಕದ ಸೀಟಿನ ಹುಡುಗ ಕೇಳಿದ. ಒಂಬತ್ತೋ ಹತ್ತೋ ಓದುತ್ತಿರಬೇಕು. 2025ರ ಮೇ ತಿಂಗಳಲ್ಲಿ ಈ ಹಳಿಯ ಮೇಲೆ ಕುಷ್ಟಗಿವರೆಗೆ ರೈಲು ಓಡಲು ಶುರುವಾದಾಗಿನಿಂದ ನಮ್ಮ ಕಡೆಯ ಹುಡುಗರ ಮೊಬೈಲಿನಲ್ಲಿ ಏನು ನಡೆದಿದೆ ಎಂದು ಇಣುಕಿ ನೋಡುವುದು ನನಗೊಂದು ಚಟ. ಅವನ ಪರದೆಯ ಮೇಲಿದ್ದದ್ದು ಪೋಕೆಮಾನ್ ಎಮರಾಲ್ಡ್. ನಾನು ಪಿಯುಸಿಯಲ್ಲಿದ್ದಾಗ ಹಾಸ್ಟೆಲಿನ ಹಾಸಿಗೆಯೊಳಗೆ ಮುಸುಕು ಹಾಕಿಕೊಂಡು ಆಡಿದ ಅದೇ ಆಟ. ಮೊಟ್ಟೆಯ ಕೆಳಗೆ ಹೆಸರು ನೋಡಿದೆ. 'ಬ್ಯಾಡ್ ಎಗ್' ಅಂತಿತ್ತು.

"ಅದು ಒಡಿಯಂಗಿಲ್ಲ ತಮ್ಮಾ. ಕೋಡ್ ಹಾಕಿದ್ದೇನು?"

ಹುಡುಗ ನಕ್ಕು ಕಿಟಕಿ ಕಡೆ ಮುಖ ತಿರುಗಿಸಿದ.

ಗೊತ್ತಿಲ್ಲದವರಿಗೆ ಹೇಳಬೇಕು. ಇದು ರೋಲ್ ಪ್ಲೇಯಿಂಗ್ ಗೇಮ್. ಒಬ್ಬ ಹುಡುಗನ ಅಥವಾ ಹುಡುಗಿಯ ಪಾತ್ರ ಹಾಕಿಕೊಂಡು ಊರೂರು ಸುತ್ತಬೇಕು, ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಕಾದಾಡಿಸಿ ಬೆಳೆಸಬೇಕು. 2004ರಲ್ಲಿ ಜಪಾನಿನಲ್ಲಿ ಬಂದ ಆಟ. ನಾವು ಆಡಿದ್ದು ಮೊಬೈಲಿನ ಎಮ್ಯುಲೇಟರ್‌ನಲ್ಲಿ, ಅದೂ ಕಾಸು ಕೊಡದೆ ಇಳಿಸಿಕೊಂಡ ಪ್ರತಿ. ಅಂದರೆ ಆಟವೇ ಕದ್ದದ್ದು, ಅದರೊಳಗೆ ಮತ್ತೆ ಕಳ್ಳಾಟ. ಎಮ್ಯುಲೇಟರ್‌ನಲ್ಲಿ ಗೇಮ್‌ಶಾರ್ಕ್ ಕೋಡ್ ಹಾಕಿದರೆ ಯಾವ ಪ್ರಾಣಿಯನ್ನಾದರೂ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್ ಎಷ್ಟು ಬೇಕಾದರೂ ಸಿಗುತ್ತದೆ. ಬಾಯಿಗೆ ಹಾಕಿದರೆ ಒಂದು ಮಟ್ಟ ಏರುವ ರೇರ್ ಕ್ಯಾಂಡಿಯೂ ಹಾಗೆಯೇ.

ಆದರೆ ಆಟ ಬರೆದವರು ದಡ್ಡರಲ್ಲ. ಪ್ರತಿ ಪ್ರಾಣಿಯ ವಿವರವನ್ನು ಗುಪ್ತಲಿಪಿಯಲ್ಲಿ ಅಡಗಿಸಿಟ್ಟು, ಆ ಅಂಕಿಗಳನ್ನೆಲ್ಲ ಕೂಡಿಸಿದ ಮೊತ್ತವನ್ನು ಪಕ್ಕದಲ್ಲೇ ಬರೆದಿಟ್ಟಿದ್ದಾರೆ. ಚೆಕ್‌ಸಮ್ ಎನ್ನುತ್ತಾರೆ. ಕೋಡ್ ಹೊರಗಿನಿಂದ ಬಂದು ನೆನಪಿನಲ್ಲಿದ್ದ ಅಂಕಿಯನ್ನು ತಿದ್ದುತ್ತದೆ, ಮೊತ್ತವನ್ನು ತಿದ್ದುವುದಿಲ್ಲ. ಆಟ ಎರಡನ್ನೂ ತಾಳೆ ನೋಡುತ್ತದೆ, ಹೊಂದದಿದ್ದರೆ ಆ ಪ್ರಾಣಿ ಕೆಟ್ಟ ಮೊಟ್ಟೆಯಾಗುತ್ತದೆ. ಅದು ಮರಿಯಾಗುವುದಿಲ್ಲ, ಬಿಟ್ಟು ಕಳಿಸಲೂ ಬರುವುದಿಲ್ಲ. ಸುಮ್ಮನೆ ಜಾಗ ಹಿಡಿದುಕೊಂಡು ಕೂರುತ್ತದೆ. ನಮ್ಮ ಹಳ್ಳಿಯ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕದ ಪುಟದ ಕೆಳಗೆ ಒಟ್ಟು ಬರೆದು ಗೀಟು ಹಾಕುತ್ತಾರಲ್ಲ, ಅದೇ ಲೆಕ್ಕ. ನಡುವೆ ಯಾರಾದರೂ 70ನ್ನು 10 ಮಾಡಿದರೆ ಸಿಕ್ಕಿಬೀಳುತ್ತಾರೆ.

ಕ್ಯಾಂಡಿಯದು ಇನ್ನೂ ಸೂಕ್ಷ್ಮ. ಕ್ಯಾಂಡಿ ತಿನ್ನಿಸಿ ನೂರನೇ ಮಟ್ಟಕ್ಕೆ ಏರಿಸಿದ ಪ್ರಾಣಿಯೂ, ಕಾದಾಡಿ ನೂರಕ್ಕೆ ಏರಿದ ಪ್ರಾಣಿಯೂ ಹೊರಗಿನಿಂದ ಒಂದೇ. ಕಣಕ್ಕೆ ಇಳಿಸಿದರೆ ಕಾದಾಡಿದ್ದು ಗೆಲ್ಲುತ್ತದೆ. ಯಾಕೆಂದರೆ ಪ್ರತಿ ಕಾದಾಟಕ್ಕೂ ಆಟ ಒಳಗೊಳಗೇ ಒಂದಿಷ್ಟು ಅಂಕ ಕೂಡಿಡುತ್ತದೆ, ಒಂದು ಪ್ರಾಣಿಗೆ ಒಟ್ಟು 510ರವರೆಗೆ. ಅವು ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಕ್ಯಾಂಡಿಯಿಂದ ಅವು ಬರುವುದಿಲ್ಲ. ಹಾಸ್ಟೆಲಿನಲ್ಲಿ ನನ್ನ ನೂರರ ಪ್ರಾಣಿಗಳನ್ನೆಲ್ಲ ಹೊಲದ ಕೆಲಸ ಮುಗಿಸಿ ಬಂದು ನಿಧಾನಕ್ಕೆ ಆಡುತ್ತಿದ್ದ ಗೆಳೆಯನೊಬ್ಬ ಸಾಲಾಗಿ ಸೋಲಿಸಿದ್ದ. ಕಾರಣ ನನಗೆ ತಿಳಿದದ್ದು ಎರಡು ವರ್ಷದ ಮೇಲೆ.

ಹಾಗಾದರೆ ಯಾವುದು ಜಾಣತನ, ಯಾವುದು ಕಳ್ಳಾಟ? ಆಕಾಶ ಗೋಪುರದ ತುದಿಯಲ್ಲಿ ರೇಕ್ವಾಝಾ ಎಂಬ ಘಟಸರ್ಪವಿದೆ. ಅದರ ಮುಂದೆ ನಿಂತು ಆಟ ಸೇವ್ ಮಾಡಿ, ಹಿಡಿಯಲಾಗದಿದ್ದರೆ ಮತ್ತೆ ಅಲ್ಲಿಂದಲೇ ಶುರು ಮಾಡುತ್ತೇವೆ. ನಾನೂ ಮಾಡಿದ್ದೇನೆ, ಎಲ್ಲರೂ ಮಾಡುತ್ತಾರೆ. ಆಟವೇ ಸೇವ್ ಗುಂಡಿ ಕೊಟ್ಟಿರುವಾಗ ತಪ್ಪೆನ್ನಲು ಬರುವುದಿಲ್ಲ. ಇನ್ನೂ ಮುಂದೆ ಹೋದವರಿದ್ದಾರೆ. ಈ ಆಟದಲ್ಲಿ ಅದೃಷ್ಟ ಎನ್ನುವುದು ಒಂದು ಲೆಕ್ಕ ಮಾತ್ರ, ಎಮರಾಲ್ಡ್‌ನಲ್ಲಿ ಆ ಲೆಕ್ಕ ಪ್ರತಿ ಸಲವೂ ಸೊನ್ನೆಯಿಂದಲೇ ಶುರುವಾಗುತ್ತದೆ ಎಂದು ಕಂಡುಹಿಡಿದರು. ಸೆಕೆಂಡಿನ ಅರವತ್ತನೇ ಒಂದು ಭಾಗದ ಲೆಕ್ಕ ಹಿಡಿದು ಗುಂಡಿ ಒತ್ತಿ, 8,192ರಲ್ಲಿ ಒಂದು ಸಲ ಮಾತ್ರ ಸಿಗುವ ಹೊಳೆಯುವ ಪ್ರಾಣಿಯನ್ನು ಬೇಕೆಂದಾಗ ಪಡೆದರು. ನನ್ನ ಮಟ್ಟಿಗೆ ಇದು ಕಳ್ಳಾಟವಲ್ಲ. ಹತ್ತು ವರ್ಷದ ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು, ಯಾವ ಅಧ್ಯಾಯದಿಂದ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕುವವನನ್ನು ಯಾರು ಕಳ್ಳ ಎನ್ನುತ್ತಾರೆ? ಅವನು ಪ್ರಶ್ನೆಪತ್ರಿಕೆಯನ್ನು ಮುಟ್ಟಿಲ್ಲ, ಅದನ್ನು ಓದಿದ್ದಾನೆ ಅಷ್ಟೇ.

ಒಬ್ಬನೇ ಆಡುವಾಗ ಇದೆಲ್ಲ ಅವನಿಗೂ ಅವನ ಮೊಬೈಲಿಗೂ ಬಿಟ್ಟ ವಿಚಾರ. ಎದುರಿಗೆ ಇನ್ನೊಬ್ಬ ಕೂತ ಕೂಡಲೇ ಲೆಕ್ಕ ಬದಲಾಗುತ್ತದೆ. ಅದಕ್ಕೇ ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟಗಳಲ್ಲಿ ಚಿನ್ನ, ಆಯುಧ, ಮಟ್ಟ ಯಾವುದನ್ನೂ ಆಟಗಾರನ ಮೊಬೈಲಿನಲ್ಲಿ ಇಡುವುದಿಲ್ಲ, ಕಂಪನಿಯ ಸರ್ವರ್‌ನಲ್ಲಿ ಇಡುತ್ತಾರೆ. ಆಟಗಾರನ ಯಂತ್ರ ಹೇಳಿದ್ದನ್ನು ನಂಬಬೇಡ ಎನ್ನುವುದು ಅವರ ಮೊದಲ ಪಾಠ. ಆಗ ಅಂಕಿ ತಿದ್ದುವವರು ಬೇರೆ ದಾರಿ ಹಿಡಿದರು. ಮಲಗಿದ್ದಾಗಲೂ ಪಾತ್ರವನ್ನು ಆಡಿಸುವ ಬಾಟ್ ಬರೆದರು, ಗಳಿಸಿದ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರಿದರು. ವೆನೆಜುವೆಲಾದಲ್ಲಿ ಹಣದುಬ್ಬರದಿಂದ ಸಂಬಳಕ್ಕೆ ಬೆಲೆಯೇ ಇಲ್ಲವಾದಾಗ ಅಲ್ಲಿನ ಎಷ್ಟೋ ಯುವಕರು ರೂನ್‌ಸ್ಕೇಪ್ ಎಂಬ ಆಟದಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು ಚಿನ್ನ ಮಾರಿ ಮನೆಗೆ ಅಕ್ಕಿಬೇಳೆ ತಂದರು. ನಿಯಮದ ಪ್ರಕಾರ ಅದು ತಪ್ಪು. ಓದಿ ಕೆಲಸವಿಲ್ಲದೆ ಕೂತವನಾಗಿ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಬೈಯಬೇಕಾದವರು ಬೇರೆ ಇದ್ದಾರೆ. 2018ರ ಅಕ್ಟೋಬರಿನಲ್ಲಿ ಶಾಂಘೈಯಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಟೂರ್ನಿಯಲ್ಲಿ ನಮ್ಮ ದೇಶದ ತಂಡದ ಒಬ್ಬ ಆಟಗಾರ ಗುರಿ ಹಿಡಿಸುವ ತಂತ್ರಾಂಶ ಇಟ್ಟುಕೊಂಡು ಸಿಕ್ಕಿಬಿದ್ದ. ಆ ಕಡತಕ್ಕೆ ಅವನು ಇಟ್ಟ ಹೆಸರು 'ವರ್ಡ್'. ಪತ್ರ ಬರೆಯುವ ತಂತ್ರಾಂಶದ ಹೆಸರು! ಅವನಿಗೆ ಐದು ವರ್ಷ ನಿಷೇಧ ಬಿತ್ತು. ಆದರೆ ತಪ್ಪೇ ಮಾಡದ ನಾಲ್ವರ ತಂಡವೂ ಅಂದೇ ಮುರಿಯಿತು. ಈ ಸುದ್ದಿ ಓದಿದಾಗ ನಕ್ಕಿದ್ದೆ. ಮೂರೂವರೆ ವರ್ಷದ ಮೇಲೆ ನಗು ನಿಂತಿತು.

2021ರ ಅಕ್ಟೋಬರ್ 3ರಂದು 545 ಪಿಎಸ್ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಧಾರವಾಡದಲ್ಲಿ ನನ್ನ ರೂಮಿನಲ್ಲಿದ್ದ ಅಣ್ಣನೊಬ್ಬ ಅದನ್ನು ಬರೆದಿದ್ದ. ಬೆಳಗಿನ ನಾಲ್ಕಕ್ಕೆ ಎದ್ದು ಓಡುತ್ತಿದ್ದ, ಹಗಲೆಲ್ಲ ಓದುಕೋಣೆಯಲ್ಲಿ ಇರುತ್ತಿದ್ದ. ಪಟ್ಟಿಯಲ್ಲಿ ಹೆಸರು ಬರಲಿಲ್ಲ, 'ನನ್ನ ಓದು ಸಾಲಲಿಲ್ಲ' ಎಂದು ಸುಮ್ಮನಾದ. ಆಮೇಲೆ ಗೊತ್ತಾಯಿತು, ಕೆಲವರ ಒಎಂಆರ್ ಹಾಳೆಯನ್ನು ಪರೀಕ್ಷೆ ಮುಗಿದ ಮೇಲೆ ತುಂಬಲಾಗಿತ್ತು. ಕಲಬುರ್ಗಿಯ ಅಭ್ಯರ್ಥಿಯೊಬ್ಬನ ಕಾರ್ಬನ್ ಪ್ರತಿಯಲ್ಲಿ ಉತ್ತರಿಸಿದ್ದು ಬೆರಳೆಣಿಕೆಯಷ್ಟು, ಬಂದ ಅಂಕ ಬುಟ್ಟಿಗಟ್ಟಲೆ. ಮೂಲ ಹಾಳೆ ತಿದ್ದಿದವರು ಕಾರ್ಬನ್ ಪ್ರತಿಯನ್ನು ತಿದ್ದಲಿಲ್ಲ. ಅಂಕಿ ಬದಲಾಯಿತು, ಮೊತ್ತ ಬದಲಾಗಲಿಲ್ಲ. ರೈಲಿನಲ್ಲಿ ಆ ಹುಡುಗನ ಮೊಟ್ಟೆ ನೋಡಿದಾಗ ನನಗೆ ನೆನಪಾದದ್ದು ಇದೇ.

ಆದರೆ ಆಟ ಮಾಡಿದ್ದನ್ನು ಸರ್ಕಾರ ಮಾಡಲಾಗಲಿಲ್ಲ. ಆಟ ಕೆಟ್ಟದ್ದನ್ನು ಮಾತ್ರ ಬೇರೆ ಮಾಡಿತು. ಇಲ್ಲಿ 2022ರ ಏಪ್ರಿಲ್‌ನಲ್ಲಿ ಇಡೀ ಪಟ್ಟಿ ರದ್ದಾಯಿತು. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರು ಕೋರ್ಟಿಗೆ ಹೋದರು. 2023ರ ನವೆಂಬರಿನಲ್ಲಿ ಹೈಕೋರ್ಟ್ ಮರುಪರೀಕ್ಷೆಯನ್ನೇ ಎತ್ತಿಹಿಡಿಯಿತು, 2024ರ ಜನವರಿ 23ರಂದು ಕೆಇಎ ಪರೀಕ್ಷೆ ನಡೆಸಿತು. ಎರಡು ವರ್ಷ ಮೂರು ತಿಂಗಳು. ಗೇಮ್ ಲೋಕದಲ್ಲೂ ಇಂಥ ತಪ್ಪು ಆಗಿದೆ. 2010ರಲ್ಲಿ ವಾಲ್ವ್ ಕಂಪನಿಯ ಕಳ್ಳಾಟ ತಡೆ ವ್ಯವಸ್ಥೆ ಸುಮಾರು 12 ಸಾವಿರ ಅಮಾಯಕ ಆಟಗಾರರನ್ನು ಹೊರಹಾಕಿತು. ತಪ್ಪು ತಿಳಿದ ಮೇಲೆ ಕಂಪನಿ ಕ್ಷಮೆ ಕೇಳಿ ಎಲ್ಲರನ್ನೂ ಒಳಗೆ ಕರೆದುಕೊಂಡಿತು, ಮೇಲೊಂದು ಆಟವನ್ನು ಉಚಿತವಾಗಿ ಕೊಟ್ಟಿತು. ಬಿಡಿ, ಸರ್ಕಾರಿ ನೇಮಕಾತಿಯನ್ನು ಹಾಗೆ ನಡೆಸಲಾಗದು ಎಂದು ನನಗೂ ಗೊತ್ತು. ಆದರೆ ಯಾವ ಹಾಳೆ ಸರಿ, ಯಾವುದು ಕೆಟ್ಟದ್ದು ಎಂದು ಪರೀಕ್ಷೆಯ ದಿನವೇ ತಾಳೆ ನೋಡುವ ಏರ್ಪಾಡು ಇದ್ದಿದ್ದರೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಕಿರಲಿಲ್ಲ.

ತಡೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಎಸ್ಸೆಸ್ಸೆಲ್ಸಿ ಸಾಕ್ಷಿ. 2023ರಲ್ಲಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಹಿಂದೆ ಎಷ್ಟೋ ಕಡೆ ಕ್ಯಾಂಡಿ ತಿನ್ನಿಸುತ್ತಿದ್ದರು ಎಂದೇ ನನ್ನ ಅನುಮಾನ. ಆ ಕ್ಯಾಂಡಿ ತಿನ್ನಿಸಿದ್ದು ಮಕ್ಕಳಲ್ಲ, ದೊಡ್ಡವರು. ಪಿಯುಸಿಗೆ ಬಂದು ಇಂಗ್ಲಿಷ್, ಗಣಿತದ ಮುಂದೆ ಕಣ್ಣು ಬಿಡುವವರು ಮಾತ್ರ ಮಕ್ಕಳು.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ಕಳೆದ ವರ್ಷ ಚಿಕ್ಕಮ್ಮನ ಮಗ, ಹದಿನೈದು ವರ್ಷದವನು, ತಾನು ಆಡುವ ಆಟಕ್ಕೆ 'ಅನ್‌ಲಿಮಿಟೆಡ್ ಡೈಮಂಡ್' ಕೊಡುವ ಎಪಿಕೆ ಕಡತವನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ಇಳಿಸಿಕೊಂಡ. ಅದು ಮೆಸೇಜ್ ಓದಲು ಅನುಮತಿ ಕೇಳಿತು, ಒತ್ತಿದ. ಪರದೆ ನಿಯಂತ್ರಣದ ಅನುಮತಿ ಕೇಳಿತು, ಅದನ್ನೂ ಒತ್ತಿದ. ಡೈಮಂಡ್ ಬರಲಿಲ್ಲ. ಆ ಮೊಬೈಲಿನಲ್ಲಿದ್ದದ್ದು ಚಿಕ್ಕಮ್ಮನ ಸಿಮ್, ಅದೇ ನಂಬರು ಅವರ ಬ್ಯಾಂಕ್ ಖಾತೆಗೆ. ಮೂರು ಕಂತು ಗೃಹಲಕ್ಷ್ಮಿ ದುಡ್ಡು, ಆರು ಸಾವಿರ, ಎರಡು ದಿನದಲ್ಲಿ ಖಾಲಿ. ಚಿಕ್ಕಮ್ಮ ಆ ದುಡ್ಡಿನಲ್ಲಿ ಹೊಲಿಗೆ ಯಂತ್ರ ತರಬೇಕೆಂದಿದ್ದರು. ನನಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಮೊದಲ ಕೆಲವು ಗಂಟೆಯಲ್ಲೇ ತಿಳಿಸಿದ್ದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚಿತ್ತು ಎಂದರು. ಹುಡುಗ ಹೆದರಿ ಹೇಳಿರಲಿಲ್ಲ. ಇದನ್ನು ಓದುವ ತಮ್ಮ ತಂಗಿಯರಿಗೆ ಇಷ್ಟು ಮಾತ್ರ ಹೇಳುತ್ತೇನೆ, ಇಂಥದ್ದಾದರೆ ಬೈಗುಳ ಆಮೇಲೆ ತಿನ್ನಿ, ಮೊದಲು ಆ ನಂಬರಿಗೆ ಫೋನ್ ಮಾಡಿ.

ನನಗೆ ಆಗ ಕೋಡ್ ಹಾಕಿದ್ದಕ್ಕೆ ಸಿಕ್ಕಿದ್ದು ಒಂದು ಕೆಟ್ಟ ಮೊಟ್ಟೆ. ಹತ್ತು ವರ್ಷದೊಳಗೆ ಅದೇ ಆಸೆಗೆ ಬೆಲೆ ಆರು ಸಾವಿರವಾಗಿದೆ. ಹುಡುಗರ ಆಸೆ ಬದಲಾಗಿಲ್ಲ. ಆಸೆಯ ಹಿಂದೆ ಅಂಗಡಿ ತೆರೆದವರು ಬದಲಾಗಿದ್ದಾರೆ.

ಕಾನೂನೂ ಈಗ ಅಂಗಡಿಯವನ ಕಡೆ ನೋಡತೊಡಗಿದೆ. ಆನ್‌ಲೈನ್ ಜೂಜಿನ ವಿರುದ್ಧ ನಮ್ಮ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನೇ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. 2024ರ ಕೇಂದ್ರದ ಪರೀಕ್ಷಾ ಅಕ್ರಮ ತಡೆ ಕಾಯ್ದೆಯೂ ಹೀಗೆಯೇ, ಅದರ ಕಣ್ಣಿರುವುದು ಪ್ರಶ್ನೆಪತ್ರಿಕೆ ಮಾರುವ ಜಾಲದ ಮೇಲೆ. ಇದು ಸರಿಯಾದ ದಿಕ್ಕು. ಆದರೆ ಹಣದ ಆಟ, ಹಣವಿಲ್ಲದ ಆಟ ಎಂದು ಗೆರೆ ಎಳೆದಾಗ ನಡುವೆ ಒಂದು ದೊಡ್ಡ ಬಯಲು ಉಳಿಯಿತು. ಬೆಳೆಸಿದ ಪಾತ್ರವನ್ನೂ ಐಡಿಯನ್ನೂ ಮಾರುವವರು, ಮಾಡ್ ಎಪಿಕೆ ಹಂಚುವವರು ಆ ಬಯಲಿನಲ್ಲೇ ಇದ್ದಾರೆ. ದುಡ್ಡು ಹೋದ ಮೇಲೆ ಅದು ಸೈಬರ್ ಅಪರಾಧ, ಹೋಗುವ ಮೊದಲು ಅದೊಂದು ವಾಟ್ಸ್‌ಆ್ಯಪ್ ಗುಂಪು.

ಹೊತ್ತಿನ ಮಿತಿ ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಚೀನಾ 2021ರಲ್ಲಿ 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಎಂದು ನಿಯಮ ಮಾಡಿತು. ಮಕ್ಕಳು ಅಜ್ಜ ಅಜ್ಜಿಯ ಖಾತೆಯಲ್ಲಿ ಆಡತೊಡಗಿದರು. ನಮ್ಮಲ್ಲಿ ಅದೂ ಬೇಕಿಲ್ಲ, ಸಿಮ್ಮೇ ಅವ್ವನದು.

ಯಲಬುರ್ಗಾ ಹತ್ತಿರ ಬಂತೆಂದು ನಾನು ಬ್ಯಾಗು ತೆಗೆದುಕೊಂಡೆ. ಹುಡುಗ ಮತ್ತೆ ಕೇಳಿದ, "ಅಣ್ಣಾ, ಹಂಗಾದ್ರ ಇದನ್ನ ತಗ್ಯಾದು ಹೆಂಗ್ರಿ?"

"ಕೋಡ್ ಹಾಕೂಕಿಂತ ಮುಂಚೆ ಸೇವ್ ಮಾಡಿದ್ದಿ?"

"ಇಲ್ರಿ."

"ಎಷ್ಟು ತಾಸು ಆಡಿದ್ದಿ?"

"ಮೂವತ್ತೆಂಟು," ಅಂದ. ಆ ಆಟದಲ್ಲಿ ಎಷ್ಟು ಹೊತ್ತು ಆಡಿದ್ದೇವೆ ಎಂಬುದೂ ದಾಖಲಾಗಿರುತ್ತದೆ. ಅದನ್ನು ಅವನು ನೋಡದೆಯೇ ಹೇಳಿದ.