ನಮ್ಮ ಸಂಗೀತಗಾರರು ಎರಡು ಸಲ ನೋಡಿದ ಸಿನೆಮಾಗಳು

ಕಲಾವಿದರನ್ನು ಮಾತಿಗೆಳೆಯಬೇಕಾದರೆ "ನಿಮ್ಮ ಸಾಧನೆ ಹೇಳಿ" ಎನ್ನಬಾರದು. ಹಾಗೆ ಕೇಳಿದರೆ ಸನ್ಮಾನ ಪತ್ರದಲ್ಲಿ ಇರುವುದೇ ಬಾಯಲ್ಲೂ ಬರುತ್ತದೆ: ಇಷ್ಟು ವರ್ಷದ ಸೇವೆ, ಇಂಥವರ ಆಶೀರ್ವಾದ, ಎಲ್ಲ ದೇವರ ದಯೆ. "ಸಂಗೀತದ ಬಗ್ಗೆ ಬಂದ ಸಿನೆಮಾಗಳಲ್ಲಿ ಯಾವುದನ್ನು ಎರಡು ಸಲ ನೋಡಿದ್ದೀರಿ?" ಎಂದು ಕೇಳಿ ನೋಡಿ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ಆದರೆ ಹೋದಲ್ಲೆಲ್ಲ ಅವರ ಕಿವಿ ಏನನ್ನು ಕೇಳುತ್ತದೆ, ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ.

ಈ ಮಳೆಗಾಲದಲ್ಲಿ ನಮ್ಮ ಯುವ ಸಂಘಟನೆಯ ಕೆಲವರು ಊರಿನ ಐದು ಮಂದಿ ಸಂಗೀತಗಾರರಿಗೆ ಈ ಒಂದೇ ಪ್ರಶ್ನೆ ಕೇಳಿದೆವು. ಹೆಸರು ಹಾಕಬೇಡಿ ಎಂದದ್ದರಿಂದ ಹಾಕುವುದಿಲ್ಲ. ಆಮೇಲೆ ಅವರು ಹೇಳಿದ ಸಿನೆಮಾಗಳನ್ನು ಒಂದೊಂದಾಗಿ ಹುಡುಕಿ ನೋಡಿದೆವು. ಇದಕ್ಕೆ ಕಾರಣವೂ ಇತ್ತು. ವಾರ್ಷಿಕ ಹಬ್ಬದ ಬಲಿಪೂಜೆಗೆ ಇನ್ನು ಮುಂದೆ ಕೊಯರ್‌ನ ಜೊತೆ ವಾದ್ಯ ಬೇಡ, ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿ ಹಾಡಿದರೆ ಸಾಕು ಎಂಬ ಮಾತು ನಮ್ಮಲ್ಲಿ ಎದ್ದಿದೆ. ನಮ್ಮಲ್ಲಿ ಮಾತ್ರ ಅಲ್ಲ, ಮಂಜೇಶ್ವರದಿಂದ ಈಚೆಗೆ ಹಲವು ಕಡೆ ಇದೇ ಮಾತು ಕೇಳಿಬರುತ್ತಿದೆ. ನಾವು ಇದಕ್ಕೆ ವಿರೋಧ. ಯಾಕೆ ಎಂದು ಹೇಳಲು ಈ ಸಿನೆಮಾಗಳೇ ಸಹಾಯಕ್ಕೆ ಬಂದವು.

ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಬಾಬ್ ಒಬ್ಬರು ಇದ್ದಾರೆ. ರೋಸ್ ಇರಲಿ, ಮೆರವಣಿಗೆ ಇರಲಿ, ಅವರ ಕ್ಲಾರಿನೆಟ್ ಇಲ್ಲದೆ ನಡೆದದ್ದಿಲ್ಲ. ಅವರು ಒಂದು ಕ್ಷಣವೂ ಯೋಚಿಸದೆ ಹೇಳಿದ ಹೆಸರು 'ಸನಾದಿ ಅಪ್ಪಣ್ಣ'. 1977ರ ಚಿತ್ರ, ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್, ತೆರೆಯ ಮೇಲೆ ಡಾ. ರಾಜಕುಮಾರ್. ನಾವು ಖಾನ್ ಸಾಹೇಬರ ನಾದದ ಬಗ್ಗೆ ಹೇಳುತ್ತಾರೆ ಎಂದುಕೊಂಡಿದ್ದರೆ ಬಾಬ್ ಹೇಳಿದ್ದು ರಾಜಕುಮಾರರ ಬೆರಳಿನ ಬಗ್ಗೆ. "ಬೆರಳು ನೋಡಿ ಮಕ್ಕಳೇ. ಉಸಿರು ಎಲ್ಲಿ ತೆಗೆಯಬೇಕೋ ಅಲ್ಲೇ ಎದೆ ಏಳುತ್ತದೆ. ಬೇರೆ ಸಿನೆಮಾದಲ್ಲಿ ಹೀರೋ ಪಿಟೀಲು ಹಿಡಿದರೆ ಬಿಲ್ಲು ಮೇಲೆ ಹೋಗುವಾಗ ನಾದ ಕೆಳಗೆ ಬರುತ್ತದೆ. ನಮಗೆ ಹೊಟ್ಟೆ ಉರಿಯುತ್ತದೆ." ಮೊನ್ನೆ ಪುನಃ ನೋಡಿದಾಗ ನಮಗೆ ಕಥೆಗಿಂತ ಹೆಚ್ಚಾಗಿ ಬೆರಳುಗಳೇ ಕಂಡವು. ಇನ್ನು ಯಾವ ಸಿನೆಮಾದಲ್ಲಿ ವಾದ್ಯ ಬಂದರೂ ಈ ಕಾಯಿಲೆ ನಮ್ಮನ್ನು ಬಿಡಲಿಕ್ಕಿಲ್ಲ.

ಪಕ್ಕದ ಊರಿನ ಯಕ್ಷಗಾನ ಭಾಗವತರು 'ಹಂಸಗೀತೆ' ಎಂದರು. ಜಿ. ವಿ. ಅಯ್ಯರ್ ನಿರ್ದೇಶನ, 1975, ತ.ರಾ.ಸು. ಅವರ ಕಾದಂಬರಿ, ಅನಂತನಾಗ್. "ಎಲ್ಲರೂ ಕೊನೆಯಲ್ಲಿ ನಾಲಗೆ ಕತ್ತರಿಸಿಕೊಂಡದ್ದನ್ನು ಹೇಳ್ತಾರೆ ಮಾರಾಯ್ರೆ, ಅದಕ್ಕೆ ಮುಂಚೆ ಬಾಲಮುರಳಿಕೃಷ್ಣ ಹಾಡಿದ್ದನ್ನು ಯಾರೂ ಹೇಳುವುದಿಲ್ಲ" ಎಂದು ನಕ್ಕರು. ಅಷ್ಟೇ. ಆಟಕ್ಕೆ ಹೊರಡುವ ಹೊತ್ತಾಗಿತ್ತು.

ನಮ್ಮ ಮನಸ್ಸಿನಲ್ಲಿ ಹೆಚ್ಚು ದಿನ ಉಳಿದದ್ದು ಕೀಬೋರ್ಡ್ ನುಡಿಸುವ ಅಣ್ಣ ಹೇಳಿದ ಸಾಕ್ಷ್ಯಚಿತ್ರ, 'ಅಮೇಜಿಂಗ್ ಗ್ರೇಸ್'. ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ 1972ರ ಜನವರಿ 13 ಮತ್ತು 14ರಂದು ಲಾಸ್ ಏಂಜಲಿಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಎರಡು ರಾತ್ರಿ ಹಾಡಿದರು. ಆಗ ಅವರು ಜಗತ್ತಿನ ದೊಡ್ಡ ತಾರೆ. ಆದರೂ ಹಾಡಲು ಆರಿಸಿಕೊಂಡದ್ದು ಸ್ಟೇಡಿಯಂ ಅಲ್ಲ, ಮಡಚುವ ಕುರ್ಚಿ ಹಾಕಿದ ಒಂದು ಚರ್ಚ್. ಜೊತೆಗೆ ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ಒಂದು ಸಮುದಾಯ ಕೊಯರ್. ಧ್ವನಿಮುದ್ರಿಕೆ ಅದೇ ವರ್ಷ ಬಂತು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಚಿತ್ರ ಮಾತ್ರ ತೆರೆಗೆ ಬಂದದ್ದು 2018ರಲ್ಲಿ, ಅರೀತಾ ತೀರಿಕೊಂಡ ಮೇಲೆ.

ನಲವತ್ತಾರು ವರ್ಷ ಯಾಕೆ? ಒಂದು ಕಾರಣ ನ್ಯಾಯಾಲಯ, ತಮ್ಮ ಅನುಮತಿ ಇಲ್ಲವೆಂದು ಅರೀತಾ ಅವರೇ ತಡೆ ತಂದಿದ್ದರು. ಮೊದಲ ಕಾರಣ ಮಾತ್ರ ಎಷ್ಟು ಸಣ್ಣದೆಂದರೆ ನಗು ಬರುತ್ತದೆ. ಆ ಕಾಲದಲ್ಲಿ ಕ್ಯಾಮೆರಾ ಚಿತ್ರವನ್ನು ಮಾತ್ರ ಹಿಡಿಯುತ್ತಿತ್ತು, ಧ್ವನಿ ಬೇರೆ ಟೇಪಿನಲ್ಲಿ. ಎರಡನ್ನೂ ಆಮೇಲೆ ಜೋಡಿಸಲು ಒಂದು ಗುರುತು ಬೇಕು. ಅದಕ್ಕೇ ಶೂಟಿಂಗ್ ಶುರುವಾಗುವಾಗ ಆ ಕಪ್ಪು ಹಲಗೆಯನ್ನು 'ಟಕ್' ಎಂದು ಬಡಿಯುವುದು. ಹಲಗೆ ಕೂಡುವ ಚಿತ್ರಕ್ಕೆ ಟೇಪಿನ 'ಟಕ್' ಸದ್ದನ್ನು ಹೊಂದಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡುತ್ತದೆ. ನಿರ್ದೇಶಕ ಸಿಡ್ನಿ ಪೊಲಾಕ್ ಅವರ ತಂಡ ಆ ಎರಡು ರಾತ್ರಿ ಹಲಗೆ ಬಡಿಯಲಿಲ್ಲ. ಹಲವು ಕ್ಯಾಮೆರಾಗಳು, ಪ್ರತಿಯೊಂದೂ ಆಗಾಗ ನಿಂತು ಮತ್ತೆ ಓಡಿದ್ದು, ಗಂಟೆಗಟ್ಟಲೆ ರೀಲು, ಯಾವ ತುಟಿಗೆ ಯಾವ ಸ್ವರ ಎಂದು ತಿಳಿಯದು. ಸೆಕೆಂಡಿಗೆ 24 ಚಿತ್ರ ಓಡುವಾಗ ಎರಡು ಮೂರು ಚಿತ್ರ ಹಿಂದೆ ಮುಂದೆ ಆದರೂ ಕಣ್ಣಿಗೆ ಕಿರಿಕಿರಿ. ಕಂಪ್ಯೂಟರ್ ಬಂದ ಮೇಲೆ ನಿರ್ಮಾಪಕ ಅಲನ್ ಎಲಿಯಟ್ ಅದನ್ನು ಜೋಡಿಸಿಸಿದರು. ಬಿಎಸ್ಸಿಯಲ್ಲಿ ಪ್ರಾಕ್ಟಿಕಲ್ ಮಾಡುವಾಗ ಟೈಮರ್ ಒತ್ತಲು ಮರೆತವರಿಗೆ ಈ ಸಂಕಟ ಅರ್ಥವಾದೀತು.

ಕೀಬೋರ್ಡ್ ಅಣ್ಣನಿಗೆ ಇದು ಯಾಕೆ ಇಷ್ಟ? ಅವರು ತೋರಿಸಿದ್ದು ಅರೀತಾರನ್ನಲ್ಲ, ಪಿಯಾನೋದ ಮುಂದಿದ್ದ ಕ್ಲೀವ್‌ಲ್ಯಾಂಡರನ್ನು. ಚಿತ್ರದ ಹೆಸರಿನ ಆ ಸ್ತುತಿಗೀತೆ ನಡೆಯುವಾಗ ಅವರು ಪಿಯಾನೋ ಬಿಟ್ಟು ಪಕ್ಕಕ್ಕೆ ಕುಳಿತು ಮುಖ ಮುಚ್ಚಿ ಅಳುತ್ತಾರೆ. ಹಾಡು ನಿಲ್ಲುವುದಿಲ್ಲ. ಇನ್ನೊಂದು ಕಡೆ ಅರೀತಾ ಹಾಡುತ್ತಿರುವಾಗಲೇ ಅವರ ತಂದೆ ಎದ್ದು ಬಂದು ಮಗಳ ಮುಖದ ಬೆವರನ್ನು ಒರೆಸುತ್ತಾರೆ. "ಟ್ರ್ಯಾಕ್ ಇದ್ದರೆ ಇದೆಲ್ಲ ಆಗುತ್ತದಾ? ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಧೂಪ ಹಾಕುವಾಗ ಫಾದರಿಗೆ ಎರಡು ನಿಮಿಷ ಹೆಚ್ಚಾದರೆ ನಾನು ಇನ್ನೊಂದು ಸುತ್ತು ನುಡಿಸುತ್ತೇನೆ. ಪೆನ್‌ಡ್ರೈವ್ ಏನು ಮಾಡುತ್ತದೆ?" ಎಂದರು. ಗಾನಮೇಳಕ್ಕೆ ಹೋದಾಗ ಟ್ರ್ಯಾಕಿನಲ್ಲೇ ನುಡಿಸುವ ಮನುಷ್ಯ ಇವರು. ಟ್ರ್ಯಾಕಿನ ಗುಣದೋಷ ಎರಡೂ ಗೊತ್ತಿದ್ದೇ ಹೇಳಿದ್ದು.

ಕೊಯರ್ ನಡೆಸುವ ಟೀಚರ್ ಹೇಳಿದ್ದು 'ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್' (2013). ದುಬಾಯಿಯಲ್ಲಿರುವ ಮಗಳು ತೋರಿಸಿದ್ದಂತೆ. ದೊಡ್ಡ ಗಾಯಕರ ಹಿಂದೆ ಇಪ್ಪತ್ತು ಅಡಿ ದೂರದಲ್ಲಿ ನಿಂತು ದನಿಗೂಡಿಸುವವರ ಬಗ್ಗೆ ಬಂದ ಸಾಕ್ಷ್ಯಚಿತ್ರ ಇದು, ಆಸ್ಕರ್ ಕೂಡ ಪಡೆದಿದೆ. ಅಲ್ಲಿ ಬರುವ ಹಲವರ ಮೊದಲ ಪಾಠಶಾಲೆ ಚರ್ಚ್ ಕೊಯರ್. ಡಾರ್ಲೀನ್ ಲವ್ ಎಂಬ ಗಾಯಕಿ 1962ರಲ್ಲಿ ಹಾಡಿದ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಆದರೆ ಮುದ್ರಿಕೆಯ ಮೇಲೆ ಇದ್ದದ್ದು ಇನ್ನೊಂದು ತಂಡದ ಹೆಸರು. ಮುಂದೆ ಒಂದು ಕಾಲದಲ್ಲಿ ಅವರು ಮನೆಗೆಲಸ ಮಾಡಿ ಬದುಕಿದರು. ಯಾರದೋ ಬಚ್ಚಲು ತೊಳೆಯುತ್ತಿರುವಾಗ ರೇಡಿಯೋದಲ್ಲಿ ತಮ್ಮದೇ ಕ್ರಿಸ್ಮಸ್ ಹಾಡು ಕೇಳಿಬಂತು. ಅದನ್ನು ಕೇಳಿ ಅವರು ಪುನಃ ಹಾಡಲು ಹೊರಟರು. ಟೀಚರ್ ಈ ಭಾಗವನ್ನು ಹೇಳುವಾಗ ಎರಡು ಸಲ ನಿಲ್ಲಿಸಿದರು. ಆಮೇಲೆ "ನಮ್ಮ ಆಲ್ಟೋ ಸಾಲಿನ ಹೆಂಗಸರನ್ನು ಯಾರಾದರೂ ಗಮನಿಸಿದ್ದೀರಾ? ಅವರು ಹಾಡುವುದು ನಿಲ್ಲಿಸಿದ ದಿನವೇ ಗೊತ್ತಾಗುವುದು" ಎಂದರು.

ಐದನೆಯವರು ನಿವೃತ್ತ ಪಿಟೀಲು ವಾದಕರು. ಯೌವನದಲ್ಲಿ ಬೊಂಬಾಯಿಯಲ್ಲಿದ್ದವರು. ಅವರದ್ದು ಕೊಂಕಣಿ ಸಿನೆಮಾ: ಬಾರ್ಡ್ರಾಯ್ ಬಾರೆಟ್ಟೊ ಅವರ 'ನಾಚೊಂಯಾ ಕುಂಪಾಸಾರ್' (2014). ತಾಳಕ್ಕೆ ಕುಣಿಯೋಣ ಎಂದು ಅರ್ಥ. ಕ್ರಿಸ್ ಪೆರಿ ಮತ್ತು ಲೋರ್ನಾ ಅವರ ಬದುಕಿನ ನೆರಳಿರುವ ಕಥೆ, ಕ್ರಿಸ್ ಪೆರಿಯ ಹಾಡುಗಳನ್ನೇ ಪೋಣಿಸಿ ಕಟ್ಟಿದ್ದು. ಮೂರು ರಾಷ್ಟ್ರಪ್ರಶಸ್ತಿ ಬಂದಿದೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮಲಯಾಳ, ಬರೆಯುವುದು ಕನ್ನಡ ಎಂಬ ನಮ್ಮಂಥವರಿಗೆ ಸಬ್‌ಟೈಟಲ್ ನೋಡದೆ ನಗುವ ಸುಖ ಅಪರೂಪವೇ. ಗೋವಾದ ಕೊಂಕಣಿ ಕೆಲವು ಕಡೆ ಕಾಲಿಗೆ ತೊಡರಿತು ಎನ್ನುವುದೂ ನಿಜ.

ಸಿನೆಮಾದ ನೆಪದಲ್ಲಿ ಅವರು ಹೇಳಿದ ವಿಷಯ ಇನ್ನೂ ದೊಡ್ಡದು. ಪೋರ್ಚುಗೀಸರ ಕಾಲದ ಗೋವಾದಲ್ಲಿ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದಲು, ಪಿಟೀಲು ನುಡಿಸಲು ಕಲಿಸುತ್ತಿದ್ದರು. ಬಲಿಪೂಜೆಗೆ ಹಾಡುವವರು ಬೇಕಿತ್ತು, ಅದಕ್ಕೆ. ಹಾಗೆ ಕಲಿತವರು ಬೊಂಬಾಯಿಗೆ ಹೋದಾಗ ಹಿಂದಿ ಸಿನೆಮಾದ ವಾದ್ಯವೃಂದಗಳಿಗೆ ಬೇಕಾದದ್ದೂ ಅದೇ ವಿದ್ಯೆಯಾಗಿತ್ತು. ಸಂಗೀತ ನಿರ್ದೇಶಕರ ಮನಸ್ಸಿನಲ್ಲಿದ್ದ ರಾಗವನ್ನು ಹತ್ತಾರು ವಾದ್ಯಗಳಿಗೆ ಹಂಚಿ ಕಾಗದದ ಮೇಲೆ ಬರೆದವರು ಸೆಬಾಸ್ಟಿಯನ್ ಡಿಸೋಜಾ, ಫ್ರ್ಯಾಂಕ್ ಫರ್ನಾಂಡ್, ಆಂಥನಿ ಗೊನ್ಸಾಲ್ವಿಸ್ ಮುಂತಾದವರು. ಪರದೆಯ ಮೇಲೆ ಇವರ ಹೆಸರು ಬಂದದ್ದು ಕಡಿಮೆ. 'ಅಮರ್ ಅಕ್ಬರ್ ಆಂಥನಿ'ಯಲ್ಲಿ (1977) ಅಮಿತಾಭ್ ಮೊಟ್ಟೆಯೊಳಗಿಂದ ಎದ್ದು ಬಂದು ಹೇಳುವ ಹೆಸರು ಇದೇ ಗೊನ್ಸಾಲ್ವಿಸ್ ಅವರದ್ದು. ಸಂಗೀತ ನಿರ್ದೇಶಕ ಜೋಡಿಯ ಪ್ಯಾರೇಲಾಲ್ ಅವರಿಗೆ ಬಾಲ್ಯದಲ್ಲಿ ಪಿಟೀಲು ಕಲಿಸಿದ ಗುರು. ಶಿಷ್ಯ ಕೊಟ್ಟ ಗುರುದಕ್ಷಿಣೆ ಅದು. ನಮ್ಮ ಮದುವೆಗಳಲ್ಲಿ ಅದೇ ಹಾಡಿಗೆ ಕುಣಿಯುವಾಗ ಎಷ್ಟು ಜನರಿಗೆ ಗೊತ್ತು, ಆ ಹೆಸರು ಮಜೋರ್ಡಾದಲ್ಲಿ ಹುಟ್ಟಿದ ನಿಜವಾದ ಪಿಟೀಲು ವಾದಕರದ್ದೆಂದು?

ಈಗ ಟ್ರ್ಯಾಕಿನ ವಿಷಯ. ಅದರ ಪರವಾಗಿ ಮಾತಾಡುವವರು ಹೇಳುವುದರಲ್ಲಿ ಹುರುಳಿಲ್ಲ ಎಂದಲ್ಲ. ಶನಿವಾರದ ಅಭ್ಯಾಸಕ್ಕೆ ಜನ ಬರುವುದಿಲ್ಲ. ದನಿ ಇದ್ದವರು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಪಿಟೀಲಿನವರಿಗೆ ಕೈ ನಡುಗುತ್ತದೆ. ಟ್ರ್ಯಾಕ್ ಅಪಸ್ವರ ಹಿಡಿಯುವುದಿಲ್ಲ, ಕಾಫಿ ತಿಂಡಿ ಕೇಳುವುದಿಲ್ಲ, ಹಬ್ಬದ ಲೈವ್ ವಿಡಿಯೋದಲ್ಲಿ ಚೆನ್ನಾಗಿ ಕೇಳಿಸುತ್ತದೆ. ಎಲ್ಲ ಸರಿ.

ಆದರೆ ಅಭ್ಯಾಸಕ್ಕೆ ಜನ ಬರುವುದಿಲ್ಲ ಎಂದು ಟ್ರ್ಯಾಕ್ ತಂದರೆ, ಟ್ರ್ಯಾಕ್ ಇದೆಯಲ್ಲ ಎಂದು ಉಳಿದವರೂ ಬರುವುದು ನಿಲ್ಲಿಸುತ್ತಾರೆ. ಆಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಪಿಟೀಲು ಕಲಿಯುತ್ತೇನೆ ಎಂದರೆ ಯಾರ ಪಕ್ಕ ಕೂರಿಸುತ್ತೀರಿ? ಗೊನ್ಸಾಲ್ವಿಸ್ ಅಂಥವರು ಬೆಳೆದ ಮಣ್ಣು ಚರ್ಚಿನ ಈ ಸಾಮಾನ್ಯ ಕೊಯರ್‌ಗಳೇ, ಅಪಸ್ವರ ಹಿಡಿಯುವವರೂ ಸೇರಿಯೇ. ಸಭೆಯ ನಿಯಮವೂ ಈ ಕಡೆಗೇ ಇದೆ. ಪೂಜಾವಿಧಿಗಳಲ್ಲಿ ಗ್ರಾಮಾಫೋನು, ಟೇಪುಗಳಂಥ ತಾನಾಗಿ ನುಡಿಯುವ ಯಂತ್ರಗಳು ಸಲ್ಲವೆಂದು 1958ರಲ್ಲೇ ರೋಮಿನಿಂದ ಸೂಚನೆ ಬಂದಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಪೂಜಾವಿಧಿ ಸಂವಿಧಾನದಲ್ಲಿ ಕೊಯರ್‌ಗಳನ್ನು ಶ್ರದ್ಧೆಯಿಂದ ಬೆಳೆಸಬೇಕೆಂದು ಹೇಳಿದೆ.

ಐದನ್ನೂ ನೋಡಿ ಮುಗಿಸಿದಾಗ ನಮ್ಮ ಗುಂಪಿನ ಹುಡುಗಿಯೊಬ್ಬಳು ಇನ್ನೊಂದು ಚಿತ್ರ ಸೇರಿಸಿದಳು: ನಾಗಾಲ್ಯಾಂಡಿನ ಫೆಕ್ ಎಂಬಲ್ಲಿ ಗದ್ದೆ ಕೆಲಸ ಮಾಡುತ್ತ ಹಾಡುವವರ ಬಗ್ಗೆ ಅನುಷ್ಕಾ ಮೀನಾಕ್ಷಿ ಮತ್ತು ಈಶ್ವರ್ ಶ್ರೀಕುಮಾರ್ ಮಾಡಿದ 'ಅಪ್ ಡೌನ್ ಅಂಡ್ ಸೈಡ್‌ವೇಸ್' (2017). ಬೆಟ್ಟದ ಮೆಟ್ಟಿಲು ಗದ್ದೆಗಳಲ್ಲಿ ಒಂದು ಗುಂಪು ಎತ್ತಿದ ದನಿಗೆ ಇನ್ನೊಂದು ಗುಂಪು ದನಿ ಕೊಡುತ್ತದೆ. ಮೈಕ್ ಇಲ್ಲ, ವೇದಿಕೆ ಇಲ್ಲ, ಕೇಳುಗರು ಎಂದು ಬೇರೆ ಯಾರೂ ಇಲ್ಲ. ನೇಜಿ ನೆಡುವ ಹೆಂಗಸರ ಹಾಡು ಕೇಳಿ ಬೆಳೆದ ನಮ್ಮ ಅಜ್ಜಿಯಂದಿರಿಗೆ ಇದನ್ನು ತೋರಿಸಬೇಕು. ಅವರಲ್ಲಿ ಕೆಲವರಿಗೆ ಇನ್ನೂ ನೆನಪಿರಬಹುದು.

ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ನಾವು ಇಡುವ ಮಾತು ಇದು: ಈ ವರ್ಷದ ಹಬ್ಬಕ್ಕೆ ಟ್ರ್ಯಾಕ್ ಬೇಡ. ಅದಕ್ಕೆಂದು ತೆಗೆದಿಡುವ ಹಣದಲ್ಲಿ ಪಿಟೀಲಿಗೆ ತಂತಿ ಹಾಕಿಸೋಣ, ಅಭ್ಯಾಸಕ್ಕೆ ದೂರದಿಂದ ಬರುವವರಿಗೆ ರಿಕ್ಷಾ ಬಾಡಿಗೆ ಕೊಡೋಣ. ನಮ್ಮಲ್ಲಿ ಹನ್ನೊಂದು ಮಂದಿ ಶನಿವಾರ ಸಂಜೆ ಐದಕ್ಕೆ ಬರುತ್ತೇವೆ ಎಂದು ಹೆಸರು ಕೊಟ್ಟಾಗಿದೆ. ಬಾರದವರ ಹೆಸರನ್ನು ಇಲ್ಲೇ ಹಾಕುತ್ತೇವೆ, ಇದು ಬೆದರಿಕೆಯೇ.

ಜೊತೆಗೆ ಈ ಐವರು ನುಡಿಸುವುದನ್ನು, ಹಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಲು ಶುರು ಮಾಡುತ್ತೇವೆ. ಧ್ವನಿಗೆ ಬೇರೆ ಮೈಕ್ ಇಡುತ್ತೇವೆ, ಪ್ರತಿ ಸಲವೂ ಮೊದಲಿಗೆ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟುತ್ತೇವೆ. ನಾಲ್ವರು ಒಪ್ಪಿದ್ದಾರೆ. ಕ್ಲಾರಿನೆಟ್ ಬಾಬ್ ಮಾತ್ರ ಹಳೆಯ ರೀಡ್ ಸೀಳಿದೆ, ಹೊಸ ರೀಡ್ ತಂದುಕೊಟ್ಟರೆ ಮಾತ್ರ ಎಂದಿದ್ದಾರೆ. ಮಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ, ದುಡ್ಡು ನಾವು ಕೊಡುತ್ತೇವೆ.